ಪೌರಸಭೆಯ ಮತಕ್ಕೆ ಬಲವೆಷ್ಟು?

“ರಾಮ ಆಳಿದರೇನು, ರಾವಣ ಆಳಿದರೇನು” ಎಂಬುದು ನಮ್ಮ ಜನರ ಬಾಯಲ್ಲಿ ನೆಲೆಸಿರುವ ಹಳೆಯ ಮಾತು. ನಗರಸಭೆ, ಮಹಾನಗರಪಾಲಿಕೆಗಳ ಚುನಾವಣೆ ಸಮೀಪಿಸಿದಾಗ ಈ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಲೋಕಸಭೆಗೆ ಮತ ಹಾಕಲು ಬಿಸಿಲಲ್ಲಿ ಸಾಲುಗಟ್ಟಿ ನಿಲ್ಲುವವರೇ ವಾರ್ಡಿನ ಚುನಾವಣೆಯ ದಿನ ಮನೆಬಿಟ್ಟು ಹೊರಡುವುದಿಲ್ಲ. ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. “ಊರು ಅವರದು, ರಾಜಕಾರಣವೂ ಅವರದು, ಹೊಟ್ಟೆಪಾಡಿಗೆ ಬಂದ ನಮ್ಮ ನಾಲ್ಕು ಮತಗಳಿಂದ ಏನಾದೀತು?” ಎಂಬ ಭಾವನೆ ಅದು. ನಾಸಿಕದ ಸಾತಪುರ, ಅಂಬಡಗಳ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿಯೂ, ಛತ್ರಪತಿ ಸಂಭಾಜಿನಗರದ ಚಿಕಲಠಾಣಾ, ವಾಳೂಜಗಳಲ್ಲಿ ಬದುಕು ಕಟ್ಟಿಕೊಂಡವರಲ್ಲಿಯೂ ಈ ಭಾವನೆ ಬೇರೂರಿದ್ದರೆ ಆಶ್ಚರ್ಯವಿಲ್ಲ.

ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವುದರಿಂದ ನಿಜವಾದ ರಾಜಕೀಯ ಬದಲಾವಣೆ ಬರುತ್ತದೆಯೇ? ಈ ಪ್ರಶ್ನೆಗೆ ಉತ್ಸಾಹದ ಭಾಷಣದಿಂದಾಗಲಿ ಬೇಸರದ ನಿಟ್ಟುಸಿರಿನಿಂದಾಗಲಿ ಉತ್ತರ ದೊರೆಯದು. ನಡೆದುಹೋದ ಸಂಗತಿಗಳನ್ನು ಪರಿಶೀಲಿಸಿ ನೋಡುವುದೇ ಸರಿಯಾದ ದಾರಿ. ನೂರು ವರ್ಷಗಳ ಈಚಿನ ಇತಿಹಾಸವು ಇದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ ಎಂದು ನಾವು ತಿಳಿದಿದ್ದೇವೆ.

ಮೊದಲು ಈ ಎರಡು ನಗರಗಳಿಗೂ ನಮಗೂ ಇರುವ ನಂಟನ್ನು ನೆನೆಯಬೇಕು. ಸಂಭಾಜಿನಗರ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲೂಕೇ ಇದೆ. ಅದೇ ಜಿಲ್ಲೆಯ ವೇರುಳದ ಕೈಲಾಸ ದೇವಾಲಯ ರಾಷ್ಟ್ರಕೂಟರ ಕಾಲದ್ದು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಮುಂಬಯಿ ಇಲಾಖೆಯಲ್ಲಿ ನಾಸಿಕ ಜಿಲ್ಲೆಯೊಡನೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೂ ಇದ್ದವು. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಔರಂಗಾಬಾದಿನೊಡನೆ ಬೀದರ, ಕಲಬುರ್ಗಿ, ರಾಯಚೂರುಗಳಿದ್ದವು. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಅಣ್ಣತಮ್ಮಂದಿರು ಬೇರೆಯಾಗುವವರೆಗೂ ನಮ್ಮ ಹಿರಿಯರಿಗೂ ಇಲ್ಲಿಯವರಿಗೂ ಆಳುವ ಸರಕಾರ ಒಂದೇ ಆಗಿತ್ತು. ಆದುದರಿಂದ ಇಲ್ಲಿಯ ಪೌರಸಭೆಗಳ ಕಥೆ ನಮಗೆ ಪರಕೀಯವಾದುದಲ್ಲ.

ಆ ಕಥೆಯ ಆರಂಭ 1882ರ ಮೇ 18ರಂದು. ಅಂದು ಗವರ್ನರ್ ಜನರಲ್ ರಿಪ್ಪನ್ನರ ಸರಕಾರ ಸ್ಥಳೀಯ ಸ್ವರಾಜ್ಯವನ್ನು ಕುರಿತು ತನ್ನ ಹೆಸರಾಂತ ನಿರ್ಣಯವನ್ನು ಹೊರಡಿಸಿತು. ಜನರಿಗೆ ರಾಜಕೀಯ ಶಿಕ್ಷಣ ಕೊಡುವುದೇ ಅದರ ಮುಖ್ಯ ಉದ್ದೇಶವಾಗಿತ್ತು. 1884ರಲ್ಲಿ ಮುಂಬಯಿ ಇಲಾಖೆಗೆ ಹೊಸ ಮುನಿಸಿಪಲ್ ಕಾಯಿದೆಯೂ ಲೋಕಲ್ ಬೋರ್ಡು ಕಾಯಿದೆಯೂ ಬಂದವು. ನಾಸಿಕಕ್ಕೂ ಹುಬ್ಬಳ್ಳಿಗೂ ಒಂದೇ ಕಾನೂನು. ಆದರೆ ಆಗ ಮತವಿದ್ದದ್ದು ಆಸ್ತಿಯುಳ್ಳವರಿಗೆ, ತೆರಿಗೆ ಕಟ್ಟುವವರಿಗೆ. ಬೀದಿ ಗುಡಿಸುವವನಿಗೆ ಆ ಬೀದಿಯ ಆಡಳಿತದಲ್ಲಿ ಮಾತಿರಲಿಲ್ಲ.

ಇದರ ಫಲವೇನಾಯಿತೆಂಬುದಕ್ಕೆ ಕೊಂಕಣದ ಮಹಾಡದ ಉದಾಹರಣೆಗಿಂತ ಬೇರೆ ಬೇಕಿಲ್ಲ. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕೆಂದು ನಿರ್ಣಯಿಸಿತು. ಅದಕ್ಕನುಸಾರವಾಗಿ 1924ರಲ್ಲಿ ಮಹಾಡದ ಪೌರಸಭೆ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆಯಿತು. ತೆರೆದದ್ದು ಕಾಗದದ ಮೇಲೆ. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕೈಯಿಂದ ಮುಟ್ಟಿದಾಗ ಊರಿನಲ್ಲಿ ಹೊಡೆದಾಟವೇ ನಡೆಯಿತು. ಅದೇ ಆಗಸ್ಟಿನಲ್ಲಿ ಪೌರಸಭೆ ತಾನೇ ಮಾಡಿದ್ದ ನಿರ್ಣಯವನ್ನು ರದ್ದುಗೊಳಿಸಿತು! ನೀರಿಲ್ಲದವರಿಗೆ ಮತವೂ ಇಲ್ಲದಿದ್ದರೆ ಪೌರಸಭೆ ಯಾರ ಮಾತು ಕೇಳೀತು? 1937ರಲ್ಲಿ ಮುಂಬಯಿಯ ಹೈಕೋರ್ಟು ತೀರ್ಪು ಕೊಡುವವರೆಗೆ ಆ ಜನ ಕಾಯಬೇಕಾಯಿತು. 1930ರಲ್ಲಿ ನಾಸಿಕದ ಕಾಳಾರಾಮ ದೇವಾಲಯದ ಮುಂದೆ ಸತ್ಯಾಗ್ರಹ ಹೂಡಿದವರೂ ಇಂಥವರೇ. ಮತಪೆಟ್ಟಿಗೆಯ ದಾರಿ ಮುಚ್ಚಿದ್ದರಿಂದ ಅವರಿಗೆ ಬೀದಿಯ ದಾರಿಯೊಂದೇ ಉಳಿದಿತ್ತು.

ಇದರಿಂದ ತಿಳಿಯುವ ಮೊದಲನೆಯ ಪಾಠ ಇಷ್ಟು: ಊರಿನಲ್ಲಿರುವ ಎಲ್ಲರಿಗೂ ಮತವಿದ್ದರೆ ಮಾತ್ರ ಊರ ಚುನಾವಣೆಗೆ ಅರ್ಥ. ಸ್ವಾತಂತ್ರ್ಯಾನಂತರ ಸಂವಿಧಾನ ವಯಸ್ಕರೆಲ್ಲರಿಗೂ ಮತಾಧಿಕಾರ ಕೊಟ್ಟ ಮೇಲೆ ಈ ಕೊರತೆ ಬಹುಮಟ್ಟಿಗೆ ನೀಗಿತು. ಹಾಗಾದರೆ ಕೆಲಸ ಮುಗಿಯಿತೇ? ಇಲ್ಲ. ಇಲ್ಲಿಂದ ಮುಂದಿನ ಕಥೆ ಹೆಚ್ಚು ತೊಡಕಿನದು.

ನಾಸಿಕ ಮತ್ತು ಔರಂಗಾಬಾದ್ ಎರಡೂ 1982ರ ಕೊನೆಯಲ್ಲಿ ಮಹಾನಗರಪಾಲಿಕೆಗಳಾದವು. ಆದರೆ ಮೊದಲ ಚುನಾವಣೆ ಔರಂಗಾಬಾದಿನಲ್ಲಿ ನಡೆದದ್ದು 1988ರಲ್ಲಿ, ನಾಸಿಕದಲ್ಲಿ 1992ರಲ್ಲಿ. ಮಗು ಹುಟ್ಟಿ ಹತ್ತು ವರ್ಷಕ್ಕೆ ನಾಮಕರಣ ಮಾಡಿದಂತಾಯಿತು. ಅಷ್ಟು ಕಾಲ ಸರಕಾರ ನೇಮಿಸಿದ ಅಧಿಕಾರಿಗಳೇ ಆಡಳಿತ ನಡೆಸಿದರು.

ಆದರೂ 1988ರ ಔರಂಗಾಬಾದ್ ಚುನಾವಣೆ ಸಾಮಾನ್ಯವಾದುದಲ್ಲ. ಅದುವರೆಗೆ ಮುಂಬಯಿ, ಠಾಣೆಗಳ ಪಕ್ಷವೆನಿಸಿದ್ದ ಶಿವಸೇನೆ 60 ಸ್ಥಾನಗಳಲ್ಲಿ 27ನ್ನು ಗೆದ್ದು ಮರಾಠವಾಡದಲ್ಲಿ ಕಾಲೂರಿತು. ಮರುವರ್ಷ, 1989ರಲ್ಲಿ, ಆ ಲೋಕಸಭಾ ಕ್ಷೇತ್ರವೂ ಅದರ ಕೈಸೇರಿತು. ಮುಂದೆ ಇದೇ ನಗರದಲ್ಲಿ 2015ರ ಪಾಲಿಕೆ ಚುನಾವಣೆಯಲ್ಲಿ ಮಜಲಿಸ್ ಪಕ್ಷ ಎರಡನೆಯ ದೊಡ್ಡ ಪಕ್ಷವಾಯಿತು; 2019ರಲ್ಲಿ ಲೋಕಸಭೆಯ ಸ್ಥಾನವನ್ನೂ ಗೆದ್ದಿತು. ನಾಸಿಕದಲ್ಲಿ 2012ರಲ್ಲಿ ಮಹಾರಾಷ್ಟ್ರ ನವನಿರ್ಮಾಣ ಸೇನೆ 122ರಲ್ಲಿ 40 ಸ್ಥಾನ ಪಡೆದು ಮೊದಲನೆಯದಾಯಿತು. 2017ರಲ್ಲಿ ಆ ನಲವತ್ತು ಐದಕ್ಕೆ ಇಳಿದು ಭಾರತೀಯ ಜನತಾ ಪಕ್ಷ 66 ಸ್ಥಾನಗಳ ಸ್ಪಷ್ಟ ಬಹುಮತ ಪಡೆಯಿತು. ಜನರ ಮತಕ್ಕೆ ಬೆಲೆಯಿಲ್ಲವೆನ್ನುವವರು ಈ ಅಂಕಿಗಳನ್ನು ಗಮನಿಸಬೇಕು. ಆಳುವವರನ್ನು ಏರಿಸುವ, ಇಳಿಸುವ ಶಕ್ತಿ ಮತದಾರನಿಗಿದೆ ಎಂಬುದರಲ್ಲಿ ಸಂದೇಹವಿಲ್ಲ. ದೊಡ್ಡ ಚುನಾವಣೆಗಳ ಗಾಳಿ ಯಾವ ಕಡೆ ತಿರುಗುತ್ತಿದೆ ಎಂಬುದೂ ಎಷ್ಟೋ ಸಲ ವಾರ್ಡಿನಲ್ಲೇ ಮೊದಲು ಗೊತ್ತಾಗುತ್ತದೆ.

ಆದರೆ ಬದಲಾವಣೆಯೆಂದರೆ ಒಳಿತೇ ಎಂದೂ ಅಲ್ಲ. 1988ರಲ್ಲಿಯೇ ಔರಂಗಾಬಾದಿನಲ್ಲಿ ಕೋಮುಗಲಭೆಗಳು ನಡೆದವು. ಅಂದು ಮೂಡಿದ ಒಡಕು ಆ ನಗರದ ರಾಜಕಾರಣವನ್ನು ಬಹುಕಾಲ ಬಿಡಲಿಲ್ಲ. ಇನ್ನೊಂದು ಮುಖ್ಯ ಪ್ರಶ್ನೆಯೂ ಉಳಿಯುತ್ತದೆ. ಆಳುವವರು ಬದಲಾದರು ಸರಿ, ಆಡಳಿತ ಬದಲಾಯಿತೇ? ಕುರ್ಚಿಯ ಮೇಲೆ ಕೂತವನು ಬೇರೆಯಾದ. ನಮ್ಮ ಮನೆಯ ನಳದ ನೀರು ಬೇರೆಯಾಯಿತೇ?

ಇಲ್ಲಿ ಕಾನೂನಿನ ಒಂದು ಗುಟ್ಟನ್ನು ತಿಳಿಯಬೇಕು. ಮುಂಬಯಿಯ ಹೊರಗೆ ಮಹಾರಾಷ್ಟ್ರದ ಮಹಾನಗರಪಾಲಿಕೆಗಳು ನಡೆಯುವುದು 1949ರ ಕಾಯಿದೆಯ ಮೇಲೆ. ಅದರ ಪ್ರಕಾರ ಕಾರ್ಯಾಂಗದ ಅಧಿಕಾರವಿರುವುದು ರಾಜ್ಯ ಸರಕಾರ ನೇಮಿಸುವ ಆಯುಕ್ತರಲ್ಲಿ. ನಾವು ಆರಿಸುವ ನಗರಸೇವಕರಲ್ಲಿಯೂ ಇಲ್ಲ, ಅವರು ಆರಿಸುವ ಮಹಾಪೌರರಲ್ಲಿಯೂ ಇಲ್ಲ. ಮಹಾಪೌರರು ಸಭೆಯ ಅಧ್ಯಕ್ಷರು; ಅವರ ಅವಧಿ ಎರಡೂವರೆ ವರ್ಷ. ಹಣ ಖರ್ಚು ಮಾಡುವ, ಸಿಬ್ಬಂದಿಯನ್ನು ನಡೆಸುವ ಕೈ ಆಯುಕ್ತರದು. “ದೇವರು ವರ ಕೊಟ್ಟರೂ ಪೂಜಾರಿ ಕೊಡ” ಎಂಬ ಗಾದೆ ನೆನಪಾಗುವುದು ಇಲ್ಲಿಯೇ.

ನಾಸಿಕದಲ್ಲಿ 2018ರಲ್ಲಿ ನಡೆದುದು ಇದಕ್ಕೆ ಒಳ್ಳೆಯ ನಿದರ್ಶನ. ಆಯುಕ್ತರು ಆಸ್ತಿ ತೆರಿಗೆಯನ್ನು ಏರಿಸಿದರು. ಮತ ಕೊಟ್ಟ ಜನ ನಗರಸೇವಕರನ್ನು ತರಾಟೆಗೆ ತೆಗೆದುಕೊಂಡರು. ನಗರಸೇವಕರು ಅವಿಶ್ವಾಸ ನಿರ್ಣಯಕ್ಕೆ ಮುಂದಾದರು. ಒಟ್ಟು ಸದಸ್ಯರಲ್ಲಿ ಎಂಟರಲ್ಲಿ ಐದು ಪಾಲು ಜನ ಬೇಕೆಂದರೆ ಆಯುಕ್ತರನ್ನು ಸರಕಾರ ಹಿಂದಕ್ಕೆ ಕರೆಸಿಕೊಳ್ಳಲೇಬೇಕೆಂದು ಕಾಯಿದೆಯಲ್ಲಿದೆ. ಕೊನೆಗೆ ತೆರಿಗೆಯ ಏರಿಕೆಯನ್ನು ಅರ್ಧಕ್ಕಿಳಿಸಲಾಯಿತು. ಮುಖ್ಯಮಂತ್ರಿಗಳ ಮಾತಿನ ಮೇಲೆ ನಿರ್ಣಯವನ್ನು ಕೈಬಿಡಲಾಯಿತು. ಅದೇ ನವೆಂಬರಿನಲ್ಲಿ ಆಯುಕ್ತರಿಗೆ ವರ್ಗವಾಯಿತು. ಇದನ್ನು ಜನರ ಗೆಲುವೆನ್ನಬೇಕೇ, ಬೇಡವೇ? ಒಂದು ರೀತಿಯಲ್ಲಿ ಗೆಲುವೇ. ನಗರಸೇವಕರಿಗೆ ಮುಂದಿನ ಚುನಾವಣೆಯ ಭಯವಿಲ್ಲದಿದ್ದರೆ ತೆರಿಗೆಯಲ್ಲಿ ಒಂದು ಕಾಸೂ ಇಳಿಯುತ್ತಿರಲಿಲ್ಲ. ಆದರೆ ಕೊನೆಯ ಮಾತು ಆದದ್ದು ನಾಸಿಕದ ಸಭಾಗೃಹದಲ್ಲಲ್ಲ, ಮುಂಬಯಿಯ ಮಂತ್ರಾಲಯದಲ್ಲಿ ಎಂಬುದನ್ನೂ ಮರೆಯುವಂತಿಲ್ಲ.

ಸಂಭಾಜಿನಗರದ ನೀರಿನ ಕಥೆಯೂ ಹೀಗೆಯೇ. ಐವತ್ತು ಕಿಲೋಮೀಟರಿನೊಳಗೆ, ಪೈಠಣದಲ್ಲಿ, ಗೋದಾವರಿಗೆ ಕಟ್ಟಿದ ಜಾಯಕವಾಡಿಯ ಸಾಗರದಂಥ ಜಲಾಶಯವಿದ್ದರೂ ನಗರದ ಮನೆಗಳಿಗೆ ಹಲವು ದಿನಗಳಿಗೊಮ್ಮೆ ನೀರು ಬರುವ ಸ್ಥಿತಿ ವರ್ಷಗಟ್ಟಲೆ ನಡೆಯಿತು. 2014ರಲ್ಲಿ ನೀರಿನ ಹಂಚಿಕೆಯನ್ನು ಒಂದು ಖಾಸಗಿ ಕಂಪನಿಗೆ ವಹಿಸಲಾಯಿತು. ಜನರ ಅಸಮಾಧಾನ ಹೆಚ್ಚಿದಾಗ 2016ರಲ್ಲಿ ಪಾಲಿಕೆಯ ಸಭೆ ಆ ಕರಾರನ್ನು ಕೊನೆಗೊಳಿಸಲು ನಿರ್ಣಯಿಸಿತು. ಬೇಡವಾದುದನ್ನು ತಡೆಯುವುದು ಚುನಾಯಿತ ಸದಸ್ಯರಿಂದ ಸಾಧ್ಯವಾಯಿತು. ಬೇಕಾದುದನ್ನು ಕಟ್ಟುವುದು? ಅದಕ್ಕೆ ಹಣ ಬೇಕು. ಜಕಾತಿ ಹೋಯಿತು, ಅದರ ಬದಲು ಬಂದ ಸ್ಥಳೀಯ ಸಂಸ್ಥಾ ತೆರಿಗೆಯೂ 2015ರಲ್ಲಿ ಬಹುಪಾಲು ಹೋಯಿತು, 2017ರಲ್ಲಿ ಜಿ.ಎಸ್.ಟಿ. ಬಂದಿತು. ಸ್ವಂತ ಆದಾಯದ ದೊಡ್ಡ ದಾರಿಗಳು ಮುಚ್ಚಿದ ಮೇಲೆ ಪಾಲಿಕೆಗಳು ಸರಕಾರದ ಅನುದಾನಕ್ಕೆ ಕೈಚಾಚುವಂತಾಯಿತು. 1,680 ಕೋಟಿ ರೂಪಾಯಿಯ ಹೊಸ ನೀರಿನ ಯೋಜನೆಗೆ 2020ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾದಾಗ ಪಾಲಿಕೆಯ ಅವಧಿ ಮುಗಿದು ಎಂಟು ತಿಂಗಳಾಗಿತ್ತು. ಯೋಜನೆ ತಡವಾದಾಗ, ವೆಚ್ಚ ಏರಿದಾಗ ಯಾರನ್ನು ಕೇಳಬೇಕೆಂದರೆ ಕೇಳಲು ನಗರಸೇವಕನೇ ಇರಲಿಲ್ಲ.

ಅದೇ ನಗರದ ಹೆಸರಿನ ಇತಿಹಾಸವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಹೆಸರು ಬದಲಿಸುವ ನಿರ್ಣಯವನ್ನು ಪಾಲಿಕೆ ಸ್ವೀಕರಿಸಿದ್ದು 1995ರಲ್ಲಿ. ಅಂದಿನ ರಾಜ್ಯ ಸರಕಾರ ಕೈಗೊಂಡ ಕ್ರಮವನ್ನು ಪ್ರಶ್ನಿಸಿ ಮೊಕದ್ದಮೆಗಳಾದವು. 2001ರಲ್ಲಿ ಬೇರೆ ಸರಕಾರ ಅದನ್ನು ಹಿಂದೆಗೆದುಕೊಂಡಿತು. 2022ರಲ್ಲಿ ಮತ್ತೆ ತೀರ್ಮಾನವಾಗಿ 2023ರ ಫೆಬ್ರವರಿಯಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ಹೆಸರಿನ ವಿಷಯದಲ್ಲಿ ಯಾರ ಅಭಿಪ್ರಾಯ ಏನೇ ಇರಲಿ, 28 ವರ್ಷಗಳ ಈ ಪಯಣದಲ್ಲಿ ಪ್ರತಿ ನಿಲ್ದಾಣದಲ್ಲಿಯೂ ಹಸಿರು ಬಾವುಟ ತೋರಿಸಿದವರು ಮೇಲಿನವರೇ ಎಂಬುದು ಗಮನಿಸತಕ್ಕ ಅಂಶ.

ಹಾಗಾದರೆ ಸ್ಥಳೀಯ ಮತಕ್ಕೆ ಕುರ್ಚಿ ಬದಲಿಸುವಷ್ಟೇ ಬಲವೇ? ಅಧಿಕಾರವೂ ಹಣವೂ ಕೆಳಗಿಳಿದು ಬಂದರೆ ಏನಾಗುತ್ತದೆಂಬುದನ್ನು ನೋಡಲು ನಾವು ನಮ್ಮ ಕರ್ನಾಟಕಕ್ಕೇ ಹೋಗಬೇಕು.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತಿ ಖಾತೆಯನ್ನು ವಹಿಸಿಕೊಂಡವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಹೇಬರು. ಬರಗಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ‘ನೀರು ಸಾಬ್’ ಎಂದು ಜನರಿಂದ ಕರೆಸಿಕೊಂಡವರು. ಅವರು ರೂಪಿಸಿದ ಕಾಯಿದೆ 1983ರಲ್ಲಿ ಅಂಗೀಕಾರವಾಯಿತು. ರಾಷ್ಟ್ರಪತಿಗಳ ಒಪ್ಪಿಗೆಗೆ 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು ಏಪ್ರಿಲ್ 1ರಿಂದ ಹೊಸ ವ್ಯವಸ್ಥೆ ಜಾರಿಗೆ ಬಂದಿತು. ಜಿಲ್ಲೆಗೊಂದು ಜಿಲ್ಲಾ ಪರಿಷತ್ತು. ಕೆಲವು ಹಳ್ಳಿಗಳ ಗುಂಪಿಗೊಂದು ಮಂಡಲ ಪಂಚಾಯತಿ.

ಹೆಸರುಗಳು ಹೊಸವಾಗಿದ್ದರೆ ಇದರಲ್ಲಿ ವಿಶೇಷವಿರುತ್ತಿರಲಿಲ್ಲ. ವಿಶೇಷವಿದ್ದದ್ದು ಅಧಿಕಾರದ ಹಂಚಿಕೆಯಲ್ಲಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ದರ್ಜೆ ಬಂದಿತು. ಜಿಲ್ಲಾಧಿಕಾರಿಗಿಂತ ಹಿರಿಯರಾದ ಐ.ಎ.ಎಸ್. ಅಧಿಕಾರಿ ಮುಖ್ಯ ಕಾರ್ಯದರ್ಶಿಯಾಗಿ ಆ ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡಬೇಕಾಯಿತು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರು, ಕೃಷಿ ಇವುಗಳ ಹಣವೂ ಸಿಬ್ಬಂದಿಯೂ ಚುನಾಯಿತರ ಹತೋಟಿಗೆ ಬಂದವು. ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟುದರಿಂದ ಹದಿನಾಲ್ಕು ಸಾವಿರದಷ್ಟು ಹೆಣ್ಣುಮಕ್ಕಳು ಒಮ್ಮೆಲೇ ಪಂಚಾಯತಿಯ ಸದಸ್ಯರಾದರು. ಅಲ್ಲಿಯವರೆಗೆ ಪಂಚಾಯತಿ ಕಟ್ಟೆಯ ಮುಂದೆ ಸೆರಗು ಹೊದ್ದು ಸರಸರನೆ ಹಾದುಹೋಗುತ್ತಿದ್ದವರು ಅದೇ ಕಟ್ಟೆಯ ಮೇಲೆ ಕುಳಿತು ಮಾತಾಡುವಂತಾಯಿತು. ಅನೇಕರ ಹಿಂದೆ ಗಂಡನೋ ಮಾವನೋ ನಿಂತು ಸಹಿ ಹಾಕಿಸಿದ್ದುಂಟು, ನಿಜ. ಆದರೂ ಬಾಗಿಲು ಒಮ್ಮೆ ತೆರೆಯಿತು; ಮತ್ತೆ ಮುಚ್ಚಲಾಗಲಿಲ್ಲ.

ಫಲಿತಾಂಶವೇನು? ಈ ವ್ಯವಸ್ಥೆಯನ್ನು ಪರಿಶೀಲಿಸಲು ಅರ್ಥಶಾಸ್ತ್ರಜ್ಞ ಕೆ. ಎಸ್. ಕೃಷ್ಣಸ್ವಾಮಿಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 1989ರಲ್ಲಿ ವರದಿ ಕೊಟ್ಟಿತು. ಶಾಲೆಗಳಲ್ಲಿ ಮಾಸ್ತರರ ಹಾಜರಿ ಸುಧಾರಿಸಿದುದು ಅಂದು ಎದ್ದು ಕಂಡ ಸಂಗತಿ. ಇದರ ಗುಟ್ಟು ಬಹಳ ಸರಳ. ಮಾಸ್ತರರ ಮೇಲಿನ ಅಧಿಕಾರಿ ಬೆಂಗಳೂರಿನಲ್ಲಿದ್ದಾಗ ಅವರು ಶಾಲೆಗೆ ಬಂದರೋ ಇಲ್ಲವೋ ಎಂದು ತಿಳಿಯುವ ದಾರಿಯಿರಲಿಲ್ಲ. ಮಂಡಲ ಪಂಚಾಯತಿಯ ಸದಸ್ಯನ ಮಗು ಅದೇ ಶಾಲೆಯಲ್ಲಿ ಕಲಿಯುತ್ತಿದ್ದಾಗ ಬೇರೆ ದೂರು ಬೇಕಿರಲಿಲ್ಲ. ನಿಜವಾದ ರಾಜಕೀಯ ಬದಲಾವಣೆಯೆಂದರೆ ಇದೇ ಎಂದು ನಮ್ಮ ಅಭಿಪ್ರಾಯ. ಉತ್ತರ ಹೇಳಬೇಕಾದವನು ಕೈಗೆ ಸಿಗುವಷ್ಟು ಹತ್ತಿರಕ್ಕೆ ಬರುತ್ತಾನೆ.

ಆದರೆ ಈ ಕಥೆಗೂ ಒಂದು ಕಹಿಯಾದ ಉತ್ತರಾರ್ಧವಿದೆ. ನಜೀರ್ ಸಾಹೇಬರು 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. 1989ರ ಕೊನೆಯಲ್ಲಿ ಸರಕಾರ ಬದಲಾಯಿತು. ತಮ್ಮ ಅಧಿಕಾರ ಜಿಲ್ಲಾ ಪರಿಷತ್ತಿಗೆ ಹೋಯಿತೆಂಬ ಅಸಮಾಧಾನ ಶಾಸಕರಲ್ಲಿ ಮೊದಲಿನಿಂದಲೂ ಇತ್ತು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಐದು ವರ್ಷ ಜನ ಕಟ್ಟಿದ್ದನ್ನು ಮುಚ್ಚಲು ಯಾರೂ ದಂಗೆಯೇಳಬೇಕಾಗಲಿಲ್ಲ. ಚುನಾವಣೆ ನಡೆಸದಿದ್ದರೆ ಸಾಕಾಯಿತು.

ಇಂಥ ಅನುಭವಗಳಿಂದಲೇ ಪಾಠ ಕಲಿತು ಸಂಸತ್ತು ಸಂವಿಧಾನಕ್ಕೆ 73 ಮತ್ತು 74ನೆಯ ತಿದ್ದುಪಡಿಗಳನ್ನು ತಂದಿತು. ಪಂಚಾಯತಿಗಳ ತಿದ್ದುಪಡಿ 1993ರ ಏಪ್ರಿಲ್ 24ರಿಂದ, ನಗರಗಳದು ಜೂನ್ 1ರಿಂದ ಜಾರಿಗೆ ಬಂದವು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು, ಅವಧಿ ಮುಗಿಯುವ ಮೊದಲೇ ಆಗಬೇಕು; ಮೂರರಲ್ಲೊಂದು ಪಾಲು ಸ್ಥಾನ ಮಹಿಳೆಯರಿಗೆ; ಪ್ರತಿ ರಾಜ್ಯಕ್ಕೂ ಪ್ರತ್ಯೇಕ ಚುನಾವಣಾ ಆಯೋಗ. ಮುಂದೆ ಕರ್ನಾಟಕವೂ ಮಹಾರಾಷ್ಟ್ರವೂ ಮಹಿಳೆಯರ ಪಾಲನ್ನು ಅರ್ಧಕ್ಕೇರಿಸಿದವು. ಆದರೆ ಯಾವ ಅಧಿಕಾರವನ್ನು ಎಷ್ಟರಮಟ್ಟಿಗೆ ಕೆಳಗೆ ಇಳಿಸಬೇಕೆಂಬುದನ್ನು ತಿದ್ದುಪಡಿ ಆಯಾ ರಾಜ್ಯಗಳ ಇಚ್ಛೆಗೇ ಬಿಟ್ಟಿತು. ಪೂಜಾರಿ ಇದ್ದಲ್ಲಿಯೇ ಉಳಿದ.

ಇಷ್ಟೆಲ್ಲ ಕಟ್ಟುಪಾಡಿನ ನಂತರವೂ ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಿತೇ? ಔರಂಗಾಬಾದ್ ಪಾಲಿಕೆಯ ಅವಧಿ 2020ರ ಏಪ್ರಿಲಿನಲ್ಲಿ ಮುಗಿಯಿತು. ನಾಸಿಕದ್ದು 2022ರ ಮಾರ್ಚಿನಲ್ಲಿ. ಮೊದಲು ಕೋವಿಡ್, ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ಮೊಕದ್ದಮೆ, ಅದರ ಜೊತೆಗೆ ವಾರ್ಡುಗಳ ಗಡಿಯ ಜಗಳ. ಸುಪ್ರೀಂ ಕೋರ್ಟು 2025ರ ಮೇ 6ರಂದು ನಾಲ್ಕು ತಿಂಗಳಲ್ಲಿ ಚುನಾವಣೆ ಮುಗಿಸಲು ಆಜ್ಞಾಪಿಸಿದ ಮೇಲೂ ಗಡುವು ವಿಸ್ತರಣೆಯಾಗಿ, ಮಹಾರಾಷ್ಟ್ರದ ಮಹಾನಗರಪಾಲಿಕೆಗಳಿಗೆ ಮತದಾನ ನಡೆದದ್ದು 2026ರ ಜನವರಿ 15ರಂದು. ಒಂದು ನಗರ ಐದೂಮುಕ್ಕಾಲು ವರ್ಷ, ಇನ್ನೊಂದು ಸುಮಾರು ನಾಲ್ಕು ವರ್ಷ ಚುನಾಯಿತ ಸಭೆಯಿಲ್ಲದೆ ನಡೆದವು. ಕರ್ನಾಟಕದವರು ಇದನ್ನು ಕಂಡು ನಗುವಂತಿಲ್ಲ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಅಲ್ಲಿ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಸ್ಥಳೀಯ ಮತಕ್ಕೆ ಬಲವೇ ಇಲ್ಲದಿದ್ದರೆ ಅದನ್ನು ಇಷ್ಟು ವರ್ಷ ಮುಂದೂಡಿದ್ದರಿಂದ ಯಾರಿಗೂ ಲಾಭವಾಗುತ್ತಿರಲಿಲ್ಲ ಎಂದು ನಾವು ಹೇಳಬಯಸುತ್ತೇವೆ.

ಸ್ಥಳೀಯ ಮತಕ್ಕೆ ನಿಲುಕದ ವಿಷಯಗಳೂ ಇವೆ. ಅವುಗಳನ್ನು ಅರಿತಿರುವುದು ಒಳ್ಳೆಯದು. ಬೆಳಗಾವಿಯ ಪಾಲಿಕೆ ಅನೇಕ ವರ್ಷ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕೈಯಲ್ಲಿತ್ತು. ನಗರವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು 2005ರಲ್ಲಿ ಅದು ನಿರ್ಣಯ ಮಾಡಿದಾಗ ಕರ್ನಾಟಕ ಸರಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಗಡಿ ಒಂದು ಗೇಣೂ ಅಲುಗಲಿಲ್ಲ. ಸಂವಿಧಾನದ 3ನೆಯ ವಿಧಿಯಂತೆ ಅದು ಸಂಸತ್ತಿನ ಕೆಲಸ. 2021ರ ಚುನಾವಣೆಯಲ್ಲಿ ಅದೇ ನಗರದ ಮತದಾರರು 58ರಲ್ಲಿ 35 ಸ್ಥಾನಗಳನ್ನು ಭಾರತೀಯ ಜನತಾ ಪಕ್ಷಕ್ಕೆ ಕೊಟ್ಟರು. ಭಾಷೆಯ ಹೆಸರಿನಲ್ಲಿ ನಿಂತವರಿಗಿಂತ ಬೇರೆ ಲೆಕ್ಕವನ್ನು ಮರಾಠಿ ಮತದಾರರೂ ಹಾಕಿದ್ದರೆಂದು ಇದರಿಂದ ತೋರುತ್ತದೆ. ಇತ್ತ ಸಾಂಗಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕುಗಳ ಕೆಲವು ಹಳ್ಳಿಗಳು 2022ರಲ್ಲಿ ನೀರಿಲ್ಲ, ರಸ್ತೆಯಿಲ್ಲ ಎಂದು ಬೇಸತ್ತು ಕರ್ನಾಟಕಕ್ಕೆ ಸೇರುವ ಮಾತೆತ್ತಿದವು. ಅಲ್ಲಿಯೂ ಗಡಿ ಸರಿಯಲಿಲ್ಲ. ಆದರೆ ಜತ್ತಕ್ಕೆ ನೀರು ತರುವ ಮೈಸಾಳ ಯೋಜನೆಯ ವಿಸ್ತರಣೆಯ ಮಾತು ಮುಂಬಯಿಯಲ್ಲಿ ಚುರುಕಾಯಿತು. ಹಳ್ಳಿಯ ದನಿಗೆ ನಕಾಶೆ ಬದಲಿಸುವ ಶಕ್ತಿಯಿಲ್ಲ. ಮಂತ್ರಿಗಳ ನಿದ್ದೆ ಕೆಡಿಸುವ ಶಕ್ತಿಯಿದೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಪರಊರಿನಲ್ಲಿ ನೆಲೆಸಿದವನ ಮತಕ್ಕೆ ಬೆಲೆಯುಂಟೇ? ಇದಕ್ಕೆ ಮುಂಬಯಿಯೇ ಉತ್ತರ ಕೊಟ್ಟಿದೆ. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೆಲಸ ಹುಡುಕುತ್ತ ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿ ದಿನ ಕಳೆದವರು. ಹೊಟೇಲು ಕೆಲಸಗಾರರು, ಟ್ಯಾಕ್ಸಿ ಚಾಲಕರು, ಪಾಲಿಕೆಯ ನೌಕರರು ಇವರ ಸಂಘಗಳನ್ನು ಕಟ್ಟಿ 1961ರಲ್ಲಿ ಮುಂಬಯಿ ಪಾಲಿಕೆಗೆ ಆರಿಸಿಬಂದರು. ವಾರ್ಡಿನ ಆ ಸಣ್ಣ ಸ್ಥಾನದಿಂದ ಆರು ವರ್ಷ ಮಾತಾಡಿ, 1967ರ ಲೋಕಸಭಾ ಚುನಾವಣೆಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಪಾಟೀಲರು ಮುಂಬಯಿಯ ಮಹಾಪೌರರಾಗಿ ಮೂರು ಸಲ ಆರಿಸಿಬಂದವರು, ಕೇಂದ್ರದ ಮಂತ್ರಿ, ನಗರದ ದೊರೆಯಂತೆ ಮೆರೆದವರು. ದೇಶವೇ ಬೆರಗಾಗಿ ನೋಡಿದ ಆ ಫಲಿತಾಂಶದ ಹಿಂದೆ ಉಡುಪಿ ಹೊಟೇಲುಗಳಲ್ಲಿ ಲೋಟ ತೊಳೆಯುತ್ತಿದ್ದ ನಮ್ಮ ಕರಾವಳಿಯ ಹುಡುಗರೂ ಇದ್ದರು. ಆದರೆ ಗಮನಿಸಬೇಕು: ಜಾರ್ಜರು ಕನ್ನಡಿಗರ ಅಥವಾ ಕೊಂಕಣಿಗರ ಅಭ್ಯರ್ಥಿಯೆಂದು ನಿಲ್ಲಲಿಲ್ಲ. ಒಂದೇ ಕಷ್ಟ ಹಂಚಿಕೊಂಡ ಮರಾಠಿ, ಹಿಂದಿ, ಕನ್ನಡ ಮಾತಿನವರೆಲ್ಲರ ಮತವನ್ನು ಒಟ್ಟುಗೂಡಿಸಿದರು. ನಮ್ಮ ಬೀದಿಯ ಗಟಾರ ತುಂಬಿದಾಗ ವಾಸನೆ ಎಲ್ಲ ಭಾಷೆಯವರ ಮನೆಗೂ ಬರುತ್ತದೆ. ಹೊರನಾಡಿನಲ್ಲಿ ನಮ್ಮ ಮತದ ಬಲವಿರುವುದು ನೆರೆಯವರೊಡನೆ ಸೇರಿಕೊಂಡಾಗ.

ಇದರಿಂದ ನಮ್ಮ ಮೇಲೆ ಬೀಳುವ ಹೊಣೆ ದೊಡ್ಡದೇನಲ್ಲ. ಮೊದಲನೆಯದು ಮತದಾರರ ಪಟ್ಟಿ. ನಮ್ಮಲ್ಲಿ ಎಷ್ಟೋ ಮನೆಗಳವರು ಇಪ್ಪತ್ತು ಮೂವತ್ತು ವರ್ಷ ಇಲ್ಲಿದ್ದೂ ಹೆಸರನ್ನು ಊರಿನ ಪಟ್ಟಿಯಲ್ಲೇ ಇಟ್ಟುಕೊಂಡಿದ್ದಾರೆ. ಊರ ಮೇಲಿನ ಮೋಹ ನಮಗೂ ತಿಳಿಯದ್ದಲ್ಲ. ಆದರೆ ಕಾನೂನಿನಂತೆ ಒಬ್ಬನ ಹೆಸರು ಒಂದೇ ಕಡೆ ಇರಬೇಕು. ಪಾಲಿಕೆಯ ಚುನಾವಣೆಗೆ ಬಳಸುವುದೂ ವಿಧಾನಸಭೆಯ ಪಟ್ಟಿಯನ್ನೇ. ನೀರು ಕುಡಿಯುವುದು ಇಲ್ಲಿಯ ನಳದಿಂದ, ತೆರಿಗೆ ಕಟ್ಟುವುದು ಇಲ್ಲಿ, ಮಕ್ಕಳು ನಡೆಯುವುದು ಇಲ್ಲಿಯ ರಸ್ತೆಯಲ್ಲಿ. ಮತ ಮಾತ್ರ ಮುನ್ನೂರು ಮೈಲಿ ದೂರದಲ್ಲಿ ಎಂದರೆ ಹೇಗೆ? ಎರಡನೆಯದು, ಒಂದು ಪ್ರಭಾಗಕ್ಕೆ ನಾಲ್ವರಂತೆ ಆರಿಸುವ ಪದ್ಧತಿ ನಾಸಿಕದಲ್ಲಿ 2017ರಿಂದ ಬಂದ ಮೇಲೆ, ಒಬ್ಬ ಮತದಾರ ನಾಲ್ಕು ಮತ ಹಾಕಬೇಕು. ನಾಲ್ವರು ಹೊತ್ತ ಪಲ್ಲಕ್ಕಿ ಬಿದ್ದರೆ ಯಾರ ಕೈ ಜಾರಿತೆಂದು ಹೇಳುವವರಿಲ್ಲ. ಆದುದರಿಂದ ಯಾರು ಯಾವ ಕೆಲಸಕ್ಕೆ ಹೊಣೆ ಎಂದು ಚುನಾವಣೆಯ ನಂತರವೂ ಕೇಳುತ್ತಲೇ ಇರಬೇಕು. ಮೂರನೆಯದು, ಅವಧಿ ಮುಗಿದೊಡನೆ ಚುನಾವಣೆ ನಡೆಯದಿದ್ದರೆ ಅದನ್ನು ಬೇರೆಯವರ ಜಗಳವೆಂದು ಬಿಡಬಾರದು. ಅರ್ಜಿಗೆ ಸಹಿ ಹಾಕುವಾಗ ನಮ್ಮ ಸಂಘಗಳ ಹೆಸರೂ ಅದರಲ್ಲಿರಲಿ.

ಒಟ್ಟಿನಲ್ಲಿ ನಾವು ಕಂಡುಕೊಂಡದ್ದು ಇಷ್ಟು. ಎಲ್ಲರಿಗೂ ಮತವಿರಬೇಕು, ಆರಿಸಿ ಬಂದವರ ಕೈಯಲ್ಲಿ ಅಧಿಕಾರವೂ ಹಣವೂ ಇರಬೇಕು, ಚುನಾವಣೆ ಕಾಲಕ್ಕೆ ಸರಿಯಾಗಿ ನಡೆಯಬೇಕು. ಮಹಾಡದಲ್ಲಿ ಮೊದಲನೆಯದಿರಲಿಲ್ಲ. ನಾಸಿಕ, ಸಂಭಾಜಿನಗರಗಳಲ್ಲಿ ಎರಡನೆಯದು ಅರೆಬರೆಯಾಗಿಯೇ ಉಳಿಯಿತು, ಮೂರನೆಯದು ಎರಡೆರಡು ಸಲ ತಪ್ಪಿತು. ಕರ್ನಾಟಕದ ಹಳ್ಳಿಗಳಲ್ಲಿ 1987ರಿಂದ ಐದು ವರ್ಷ ಮೂರೂ ಒಟ್ಟಿಗೆ ಸೇರಿದ್ದವು. ಆಗ ಮಾಸ್ತರರು ಶಾಲೆಗೆ ಬಂದರು, ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕುಳಿತರು. ಮತ ಹಾಕಿದರೆ ಈ ಮೂರೂ ತಾವಾಗಿ ಬಂದುಬಿಡುತ್ತವೆಂದು ನಾವು ಹೇಳುವುದಿಲ್ಲ. ಮತ ಹಾಕದವನು ಮಾತ್ರ ಇವುಗಳಲ್ಲಿ ಒಂದನ್ನೂ ಕೇಳುವ ಬಾಯಿ ಕಳೆದುಕೊಳ್ಳುತ್ತಾನೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಕೆಲವೇ ನೂರು ಮತಗಳಲ್ಲಿ ಸೋಲುಗೆಲುವು ತೀರ್ಮಾನವಾಗುವ ವಾರ್ಡಿನಲ್ಲಿ ಒಂದು ಬೀದಿಯ ಹತ್ತು ಕನ್ನಡ ಮನೆಗಳು ಸಣ್ಣ ಸಂಖ್ಯೆಯಲ್ಲ.